ಸತ್ತ ಏರ್‌ಲೈನ್ಸಿನ ಕೊನೆಯ ಮೆಕ್ಯಾನಿಕ್

ಎಂಬತ್ತರ ದಶಕದ ಆರಂಭದ ವರ್ಷಗಳಲ್ಲಿ ನಾನು ಬಹರೈನ್ ವಿಮಾನ ನಿಲ್ದಾಣದಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ ಕಂಪನಿಯೊಂದರ ಡ್ಯೂಟಿ ಆಫೀಸರ್ ಆಗಿದ್ದೆ. ಗ್ರೌಂಡ್ ಹ್ಯಾಂಡ್ಲಿಂಗ್ ಎಂದರೆ ಬೇರೆಯವರ ವಿಮಾನಗಳಿಗೆ ಏಣಿ ಇಡುವುದು, ಸರಕು ಇಳಿಸುವುದು, ತಡವಾದಾಗ ಬೈಗುಳ ಸ್ವೀಕರಿಸುವುದು. ಈ ಕೊನೆಯ ವಿಭಾಗ ಪೂರ್ತಿಯಾಗಿ ನನ್ನದೇ ಆಗಿತ್ತು.

ಆ ಬೇಸಗೆಯಲ್ಲಿ ದಕ್ಷಿಣ ಅಮೆರಿಕದ ಏರ್‌ಲೈನ್ಸ್ ಒಂದರ ಹಳೆಯ ಸರಕು ಜೆಟ್ ನಮ್ಮಲ್ಲಿ ಬೀಡುಬಿಟ್ಟಿತ್ತು. ವೆಟ್ ಲೀಸ್ ಮೇಲೆ ಬಂದದ್ದು. ಎಂದರೆ ವಿಮಾನದ ಜೊತೆ ಪೈಲಟ್‌ಗಳು, ಮೆಕ್ಯಾನಿಕ್ ಎಲ್ಲರೂ ಬಾಡಿಗೆಗೆ. ಆಫ್ರಿಕಾದಿಂದ ಕೊಲ್ಲಿಗೆ ಕುರಿಮಾಂಸ ತರುವುದು ಅದರ ಕಾಯಕ. ಮೆಕ್ಯಾನಿಕ್‌ನ ಹೆಸರು ಯುಸೇಬಿಯೋ; ಅವರ ಕಡೆಯ ಮರ್ಯಾದೆಯಂತೆ ನಾವು ಡಾನ್ ಎನ್ನುತ್ತಿದ್ದೆವು. ಅರವತ್ತರ ಹತ್ತಿರದ ವಯಸ್ಸು, ಬಿಳಿ ಮೀಸೆ, ನಮ್ಮ ಅರಬಿಯಷ್ಟೇ ಶುದ್ಧವಾದ ಇಂಗ್ಲಿಷ್.

ಆ ಏರ್‌ಲೈನ್ಸಿನ ಚರಿತ್ರೆ ನನಗೆ ಗೊತ್ತಾದದ್ದು ಕ್ಯಾಂಟೀನಿನಲ್ಲಿ, ಅವರ ಬಾಯಿಂದಲೇ. ಮಹಾಯುದ್ಧ ಮುಗಿದ ಮೇಲೆ ಒಬ್ಬ ಪೈಲಟ್ ಸೈನ್ಯ ಬಿಸಾಡಿದ ಎರಡು ವಿಮಾನ ಕೊಂಡು ಅದನ್ನು ಶುರುಮಾಡಿದನಂತೆ. ಬಯಲಿನಲ್ಲಿ ದನ ಕಡಿದು, ರಸ್ತೆಯೇ ಇಲ್ಲದ ಬೆಟ್ಟಗಳ ಮೇಲಿನ ಪೇಟೆಗೆ ಮಾಂಸ ಸಾಗಿಸುವುದು. ವಾಪಸು ಬರುವಾಗ ಬಿಯರು, ಮದುಮಕ್ಕಳು, ಬ್ಯಾಂಡಿನವರು. ಯುಸೇಬಿಯೋ ತಮ್ಮ ಹೆಂಡತಿಯನ್ನು ಮೊದಲು ಕಂಡದ್ದೂ ಅಂಥದೊಂದು ವಿಮಾನದಲ್ಲೇ, ಆಲೂಗಡ್ಡೆ ಮೂಟೆಯ ಮೇಲೆ ಕೂತಿದ್ದಾಗ. ಮುಂದೆ ಯಾವನೋ ಜನರಲ್ ದೇಶವನ್ನು ಹಿಡಿದ, ಏರ್‌ಲೈನ್ಸನ್ನೂ ಹಿಡಿದ. ಜೆಟ್‌ಗಳು ಬಂದವು, ಗಗನಸಖಿಯರಿಗೆ ಕೈಗವಸು ಬಂದವು, ಮಂತ್ರಿಗಳ ನೆಂಟರೆಲ್ಲ ಪುಕ್ಕಟೆ ಹಾರಿದರು. ಇಂಧನ ದುಬಾರಿಯಾದಾಗ ಜೆಟ್‌ಗಳು ಒಂದೊಂದಾಗಿ ಪರದೇಶಕ್ಕೆ ಬಾಡಿಗೆಗೆ ಹೋದವು. ಮಾಂಸದಲ್ಲಿ ಹುಟ್ಟಿದ ಸಂಸ್ಥೆ ಮಾಂಸಕ್ಕೇ ಮರಳಿತು.

ಒಂದು ಬೆಳಿಗ್ಗೆ ಎಲ್ಲ ಏರ್‌ಲೈನ್ಸ್‌ಗಳಿಗೂ ಹೋಗುವ ಸುತ್ತೋಲೆ ದೂರದ ಸಂದೇಶ ಟೈಪು ಮಾಡುವ ನಮ್ಮ ಟೆಲೆಕ್ಸ್ ಯಂತ್ರಕ್ಕೆ ಬಂತು: ಈ ಸಂಸ್ಥೆ ಮುಚ್ಚಿದೆ, ಇದರ ಟಿಕೆಟ್ ಯಾರೂ ಸ್ವೀಕರಿಸಬೇಡಿ. ಪೈಲಟ್‌ಗಳು ಮಧ್ಯಾಹ್ನದೊಳಗೆ ತಮ್ಮ ದಾರಿ ಹಿಡಿದರು. ಯುಸೇಬಿಯೋ ಮಾತ್ರ ಸುತ್ತೋಲೆ ಓದಿ ಮಡಚಿ ವಾಪಸು ಕೊಟ್ಟು, ತಮ್ಮ ಹೆಡ್ ಆಫೀಸಿಗೆ ಟೆಲೆಕ್ಸ್ ಹೊಡೆಯಲು ಹೇಳಿದರು: ಬದಲಿ ಮೆಕ್ಯಾನಿಕ್‌ನನ್ನು ಕಳುಹಿಸಿ.

ಟೆಲೆಕ್ಸ್‌ನ ಒಂದು ಗುಣ ಹೇಳಬೇಕು. ಸಂಪರ್ಕ ಸಿಕ್ಕ ಕೂಡಲೇ ಆ ಕಡೆಯ ಯಂತ್ರ ತನ್ನ ಹೆಸರನ್ನು ತಾನೇ ಬಡಿದು ಕಳುಹಿಸುತ್ತದೆ. ಇದಕ್ಕೆ ಆನ್ಸರ್‌ಬ್ಯಾಕ್ ಎನ್ನುತ್ತಾರೆ. ಕೋಣೆಯಲ್ಲಿ ಮನುಷ್ಯರು ಇರಬೇಕೆಂದೇನೂ ಇಲ್ಲ. ನಮ್ಮ ಕಾಗದದ ಮೇಲೆ ಆ ಏರ್‌ಲೈನ್ಸಿನ ಹೆಸರು ಟಕಟಕನೆ ಮೂಡಿತು. ಯುಸೇಬಿಯೋ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

"ಇದ್ದಾರೆ" ಎಂದರು.

"ಯಾರೂ ಇಲ್ಲ, ಡಾನ್. ಅದು ಬರೀ ಮೆಷಿನ್" ಎಂದ ಲಾರೆನ್ಸ್. ಇವನು ನಮ್ಮ ಕಂಪನಿಯ ಏರ್‌ಕ್ರಾಫ್ಟ್ ಇಂಜಿನಿಯರ್, ನಮ್ಮ ಕರಾವಳಿಯ ಶಿರ್ವದ ಕಡೆಯವನು.

"ಪ್ಲಗ್ ಯಾರೂ ಕಿತ್ತಿಲ್ಲವಲ್ಲ?"

ಅಂದಿನಿಂದ ದಿನಾ ಬೆಳಿಗ್ಗೆ ಅವರು ಬರುವುದು, ನಾವು ಟೆಲೆಕ್ಸ್ ಹೊಡೆಯುವುದು, ಸತ್ತ ಸಂಸ್ಥೆ ತನ್ನ ಹೆಸರು ಹೇಳುವುದು. ನಂತರ ಅವರು ಬಿಸಿಲಿನಲ್ಲಿ ನಡೆದು ಹೋಗಿ ವಿಮಾನದ ನೆರಳಿನಲ್ಲಿ ಕೂರುವುದು.

ಹೀಗಿರುವಾಗ ಹೂರಾ ಬಡಾವಣೆಯಲ್ಲಿದ್ದ ಅವರ ಹೋಟೆಲಿಗೆ ಮಗಳ ತಂತಿ ಬಂತು: ಅಮ್ಮನಿಗೆ ವಿಷಮಿಸಿದೆ, ಕೂಡಲೇ ಬನ್ನಿ. ನಮ್ಮ ವೃತ್ತಿಯಲ್ಲಿ ಒಂದು ಹಳೆಯ ಮರ್ಯಾದೆಯಿದೆ. ಒಂದು ಏರ್‌ಲೈನ್ಸ್ ಮುಳುಗಿದರೆ ಅದರ ನೌಕರರನ್ನು ಉಳಿದವರು ಪುಕ್ಕಟೆ ಮನೆ ಮುಟ್ಟಿಸುತ್ತಾರೆ. ಯುರೋಪಿನ ಕಂಪನಿಯೊಂದರ ಮ್ಯಾನೇಜರ್ ಕೇಳಿದ ಕೂಡಲೇ ಮರುದಿನಕ್ಕೆ ಸೀಟು ಕೊಟ್ಟ. ನಾನು ಸಂತೋಷದಿಂದ ಹೋಗಿ ಹೇಳಿದರೆ ಯುಸೇಬಿಯೋ ಆಗದೆಂದು ತಲೆಯಾಡಿಸಿದರು.

"ವಿಮಾನ ಯಾರಿಗೆ ಒಪ್ಪಿಸಲಿ? ಒಪ್ಪಿಸದೆ ಹೋದರೆ ಅದು ಓಡಿಹೋದ ಹಾಗೆ."

"ಎಂತ ಮಾರಾಯ್ರೆ ಇವರದ್ದು!" ಲಾರೆನ್ಸ್ ನನ್ನ ಕಡೆ ತಿರುಗಿದ. "ಅಲ್ಲಿ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ, ಇಲ್ಲಿ ಇವರು ಹೆಣ ಕಾಯ್ತಾ ಕೂತಿದ್ದಾರೆ. ನೀವಾದ್ರೂ ಹೇಳಿ ರಾಯರೇ."

"ನಾನು ಹೇಳಿದ್ರೆ ಕೇಳ್ತಾರಾ? ಅವರಿಗೆ ಬೇಕಾದದ್ದು ಲೈಸೆನ್ಸ್ ಇರುವವನು."

ಲಾರೆನ್ಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹಾಗಾದ್ರೆ ನನಗೇ ಒಪ್ಪಿಸ್ಲಿಕ್ಕೆ ಹೇಳಿ. ಈ ಟೈಪಿನ ವಿಮಾನದ ಲೈಸೆನ್ಸ್ ನನ್ನ ಹತ್ತಿರ ಉಂಟು. ಮನೆಯಲ್ಲಿ ಕೇಳಿದ್ರೆ ಮಾತ್ರ ಹೇಳ್ಬೇಡಿ. ಒಂದು ಫ್ರಿಜ್ ತಕೊಳ್ಳುವ ಯೋಗ್ಯತೆ ಇಲ್ಲ, ವಿಮಾನ ತಕೊಂಡ ಅಂತ ಜೂಲಿ ಬೈತಾಳೆ."

ಯುಸೇಬಿಯೋ ಒಪ್ಪಿದರು. ಆದರೆ ಒಪ್ಪಿಸುವುದೆಂದರೆ ಅವರಿಗೆ ಒಂದು ರುಜುವಿನ ಮಾತಾಗಿರಲಿಲ್ಲ. ಮರುದಿನ ಬೆಳಗಿನಿಂದ ಅವರು ಮೂಗಿನಿಂದ ಬಾಲದವರೆಗೆ ಲಾರೆನ್ಸ್‌ನ ಕೈ ಹಿಡಿದು ನಡೆಸಿದರು. ಮೂರನೇ ಇಂಜಿನ್ ಎಣ್ಣೆ ಕುಡಿಯುವ ರೀತಿ, ಸರಕಿನ ಬಾಗಿಲು ಹಟ ಮಾಡುವ ಸಮಯ, ಎಲ್ಲ. ನಾನು ಎರಡು ಸಲ ಹೋಗಿ ಕರೆದೆ. "ಬಂದೆ, ಇನ್ನು ಹೈಡ್ರಾಲಿಕ್ಸ್ ಒಂದೇ" ಎಂದರು. ಸೀಟು ಕಾದಿರಿಸಿದ್ದ ವಿಮಾನ ಅವರಿಬ್ಬರ ತಲೆಯ ಮೇಲಿನಿಂದಲೇ ಏರಿಹೋಯಿತು. ಯುಸೇಬಿಯೋ ರೆಕ್ಕೆಯಡಿಯಿಂದ ತಲೆ ಹೊರಹಾಕಿ ನೋಡಿ, ಇಂಜಿನ್‌ಗಳ ಸದ್ದು ಚೆನ್ನಾಗಿದೆ ಎಂದು ಪ್ರಮಾಣಪತ್ರ ಕೊಟ್ಟರಂತೆ.

ಅವರು ಹೊರಟದ್ದು ಅದರ ಮರುದಿನದ ವಿಮಾನದಲ್ಲಿ. ಏಣಿ ಹತ್ತುವಾಗ ತಿರುಗಿ ನೋಡಲಿಲ್ಲ. ಅದೀಗ ಲಾರೆನ್ಸ್‌ನ ವಿಮಾನವಾಗಿತ್ತು.

ಕೆಲವು ದಿನಗಳ ಮೇಲೆ ಆಫೀಸಿಗೆ ಟ್ರಂಕ್ ಕಾಲ್ ಬಂತು. ಸಮುದ್ರದೊಳಗಿನಿಂದ ಬಂದಂಥ ಧ್ವನಿ.

"ಹೆಂಡತಿ ಹೇಗಿದ್ದಾರೆ, ಡಾನ್?" ಎಂದು ಕೇಳಿದೆ.

"ಮಂಗಳವಾರ ಮುಟ್ಟಿದೆ. ಸೋಮವಾರ ಮಣ್ಣು ಮಾಡಿದ್ದರು."

ಅವರೇ ಮುಂದುವರಿಸಿದರು. "ಲೋರೆನ್ಸೋಗೆ ಒಂದು ಹೇಳಲು ಮರೆತಿದ್ದೆ. ಆಗಾಗ ಟ್ರ್ಯಾಕ್ಟರಿನಿಂದ ಎಳೆದು ಚಕ್ರಗಳನ್ನು ಸ್ವಲ್ಪ ಉರುಳಿಸಬೇಕು. ಒಂದೇ ಕಡೆ ನಿಂತರೆ ಟೈರು ಕೆಟ್ಟುಹೋಗುತ್ತದೆ."

ನಾನು ಅದನ್ನು ಲಾರೆನ್ಸ್‌ಗೆ ಹೇಳಿದೆ. ಶುಕ್ರವಾರ, ತನ್ನ ರಜೆಯ ದಿನ, ಬಂದು ಚಕ್ರ ಉರುಳಿಸಿ ಹೋದ. ಗುಜರಿಯವರು ಬಂದು ರೆಕ್ಕೆ ಕೊಯ್ಯುವವರೆಗೂ ಹಾಗೆಯೇ ಮಾಡಿದ.

ಈ ಪ್ರಕರಣದಿಂದ ನಾನು ಕಲಿತದ್ದು ಯಾವ ಟ್ರೇನಿಂಗಿನಲ್ಲೂ ಇರಲಿಲ್ಲ. ಮುಂದಿನ ಸೇವಾವಧಿಯಲ್ಲಿ, ಮನೆಯಿಂದ ತಂತಿ ಬಂದಿದೆ ಎಂದು ಯಾರೇ ನನ್ನ ಮೇಜಿನ ಮುಂದೆ ನಿಂತರೂ, ಅವರ ಕೈಯಲ್ಲಿದ್ದ ಕೆಲಸ ಕಸಿದುಕೊಂಡು ಮೊದಲು ವಿಮಾನ ಹತ್ತಿಸುತ್ತಿದ್ದೆ. ಅಪ್ಪಣೆ ಕೇಳುವ ಟೆಲೆಕ್ಸನ್ನು ವಿಮಾನ ಏರಿದ ಮೇಲೆ ಕಳುಹಿಸುತ್ತಿದ್ದೆ. ಆ ಕಡೆ ಯಾರಾದರೂ ಇದ್ದರೆ, ಅವರು ಕಾಯಲಿ.