ಟೊರೆನ್ಸ್ ಮನೆಗೆ ಬಂದ ಫೋನ್

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಕ್ಕುಬಿಡುತ್ತಿದ್ದವಳು ನಾನು. ಡಾಕ್ಟರು ಬೇರೆ. ನೀವು ನಕ್ಕರೂ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎಪ್ಪತ್ತರ ದಶಕದಲ್ಲಿ ಸ್ಯಾನ್ ಡಿಯಾಗೋಗೆ ಬರುವ ಮೊದಲು ನಾನು ಉತ್ತರ ನೈಜೀರಿಯಾದ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿದ್ದೆ. ಮರುಭೂಮಿಯ ಒಣಗಾಳಿ ಬೀಸುವ ತಿಂಗಳುಗಳಲ್ಲಿ ಅಲ್ಲಿ ಮೆದುಳುಜ್ವರ ಹಬ್ಬುತ್ತಿತ್ತು. ವಾರ್ಡು ತುಂಬಿ, ಬೇವಿನ ಮರಗಳ ಕೆಳಗೆ ಚಾಪೆ ಹಾಸಿ ಮಕ್ಕಳನ್ನು ಮಲಗಿಸುತ್ತಿದ್ದೆವು. ಔಷಧಿಯ ಲಾರಿ ಬರುವಷ್ಟರಲ್ಲಿ ಎಷ್ಟೋ ಚಾಪೆಗಳು ಖಾಲಿಯಾಗಿರುತ್ತಿದ್ದವು. ನೋಡಿಕೊಳ್ಳಲು ಇದ್ದದ್ದು ಆ ಊರಿನವರೇ ಆದ ಡಾಕ್ಟರ್ ಹಲೀಮಾ ಮತ್ತು ನಾನು, ಇಬ್ಬರೇ.

ಸ್ಯಾನ್ ಡಿಯಾಗೋಗೆ ಬಂದಮೇಲೆ ಒಂದು ಭಾನುವಾರ ಲಾಸ್ ಏಂಜಲೀಸ್ ಪಕ್ಕದ ಟೊರೆನ್ಸ್‌ನಲ್ಲಿ ಗೆಳತಿ ಸುಮಿತ್ರಾಳ ಮನೆಗೆ ಊಟಕ್ಕೆ ಹೋಗಿದ್ದೆ. ಅವಳ ಪುಟ್ಟ ಮಗನಿಗೆ ಜ್ವರ. ನೋಡಿದೆ; ಫ್ಲೂ ಥರ ಕಂಡಿತು, ಮೆದುಳುಜ್ವರವಾದರೆ ಸೆಟೆದುಕೊಳ್ಳುವ ಕತ್ತು ಸಡಿಲವಾಗಿಯೇ ಇತ್ತು. ಮಧ್ಯಾಹ್ನ ಹೊರಟೆ. ಫ್ರೀವೇ ಮೇಲೆ ಬೆಟ್ಟದ ಕಡೆಯಿಂದ ಬಿಸಿಗಾಳಿ ಎದ್ದು ಧೂಳು ಕಾರಿಗೆ ರಾಚತೊಡಗಿತು. ತುಟಿ ಒಡೆಯುವ ಅದೇ ಗಾಳಿ. ಆ ಚಾಪೆಗಳು ನೆನಪಾದವು. ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಕಾರು ತಿರುಗಿಸಿದೆ. ಯಾರಿಗೂ ತಿಳಿಸಿರಲಿಲ್ಲ.

ಸುಮಿತ್ರಾ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು.

"ನಿನ್ನ ಆಸ್ಪತ್ರೆಯವರು ಈಗಷ್ಟೇ ಫೋನ್ ಮಾಡಿದ್ರು ಕಣೇ. ಡಾಕ್ಟರ್ ವಾಪಸ್ ಬರ್ತಿದಾರೆ, ಮಗೂನ ರೆಡಿ ಮಾಡಿ ಅಂದ್ರು."

"ಯಾರು?"

"ಯಾರೋ ಹೆಂಗಸು. ಲೈನ್ ಬರೀ ಗೊರಗೊರ. ಕೊನೇಲಿ ಸನ್ನು, ಸನ್ನು ಅಂದ್ರು. ಹಾಗಂದ್ರೇನೇ?"

ಅದು ಹೌಸಾ ಭಾಷೆಯಲ್ಲಿ ನೋವಿನಲ್ಲಿರುವವರಿಗೆ ಹೇಳುವ ಸಮಾಧಾನದ ಮಾತು. ಹಲೀಮಾ ಪ್ರತಿ ಮಗುವಿನ ಬಳಿ ಕೂತು ಅದನ್ನೇ ಹೇಳುತ್ತಿದ್ದರು. ಆದರೆ ಯೋಚಿಸಲು ವ್ಯವಧಾನವೆಲ್ಲಿತ್ತು? ಹುಡುಗನ ಕತ್ತು ಸೆಟೆದುಹೋಗಿತ್ತು. ಹತ್ತಿರದ ಎಮರ್ಜೆನ್ಸಿಗೆ ಡ್ರೈವ್ ಮಾಡಿದೆ. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಅಲ್ಲಿನವರು.

ಆಮೇಲೆ ವಿಚಾರಿಸಿದೆ. ನನ್ನ ಆಸ್ಪತ್ರೆಯಿಂದ ಯಾರೂ ಫೋನ್ ಮಾಡಿರಲಿಲ್ಲ. ಸುಮಿತ್ರಾಳ ನಂಬರೇ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ಹಲೀಮಾ ಒಂದು ಸಮ್ಮೇಳನಕ್ಕೆಂದು ಲಾಸ್ ಏಂಜಲೀಸ್‌ಗೆ ಬಂದರು. ಏರ್‌ಪೋರ್ಟ್‌ನಲ್ಲೇ ಫೋನಿನ ವಿಷಯ ಎತ್ತಿದೆ. ತಮ್ಮ ಆಸ್ಪತ್ರೆಗೆ ಫೋನೇ ಇನ್ನೂ ಬಂದಿಲ್ಲ ಎಂದರು. ನಗಲಿಲ್ಲ.

"ಮಗು ಉಳಿಯಿತಾ?" ಎಂದಷ್ಟೇ ಕೇಳಿದರು.

"ಈಗ ಬೇಸ್‌ಬಾಲ್ ಆಡ್ತಾನೆ" ಅಂದೆ.

ಅವರು ನನ್ನ ಕೈ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು. ನಾನು ಮತ್ತೇನೂ ಕೇಳಲಿಲ್ಲ. ಆ ಧ್ವನಿ ನಿಮ್ಮದೇನಾ ಎಂದು ಕೇಳಬೇಕಿತ್ತೇನೋ.