ಶಿವಗಂಗವ್ವನ ಕಾಲಿಗೆ ಹಚ್ಚಿದ ಜೆಲ್

ಮಡಿವಾಳೆಪ್ಪನವರು ತಿರ್ಲಾಪುರದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಡಾಕ್ಟರು ಬರೆದ ಮುಲಾಮನ್ನು ತಾವೇ ತೂಗಿ, ಅರೆದು ಕೊಡುತ್ತಿದ್ದರು. ೧೯೮೬ರಲ್ಲಿ ಜೆಲ್ ಮಾಡಲು ಕಲಿತರು. ನೀರಿನಲ್ಲಿ ಉಬ್ಬಿದ ಬಿಳಿ ಪುಡಿ ಗಾಜಿನಂತೆ ತಿಳಿಯಾಗುತ್ತಿತ್ತು. ಅದಕ್ಕೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಸ್ಯಾಲಿಸಿಲಿಕ್ ಆಮ್ಲ ಬೆರೆಸಿದರೆ, ದಪ್ಪಗಟ್ಟಿದ ಚರ್ಮಕ್ಕೆ ಔಷಧ.

ಊರಿನ ಎಳೆಗೂಸುಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಎರೆಯುತ್ತಿದ್ದ ಶಿವಗಂಗವ್ವನ ಮೊಣಕಾಲ ಕೆಳಗೆ ಚರ್ಮ ಸೀಳುಬಿಟ್ಟಿತ್ತು. ಮಡಿವಾಳೆಪ್ಪನವರು ಆಕೆಗೆ ಜೆಲ್ ಕೊಟ್ಟರು.

"ಇದು ಅಗದಿ ಛಲೋ ಐತಿ ನೋಡೋ ತಮ್ಮಾ, ಹಚ್ಚಿದ್ದ ಗೊತ್ತಾಗೂದಿಲ್ಲ. ನಿನ್ನ ಮೊದಲಿನ ಜಿಡ್ಡು ಮುಲಾಮ ಎಮ್ಮಿಗೆ ಹಚ್ಚು."

"ಹಂಗಾರ ದಿನಕ್ಕ ಎರಡ ಸಲ ಹಚ್ಚರಿ, ಯವ್ವಾ."

ಹಳೆಯ ಮುಲಾಮಿಗೆ ಕೂಸು ಜಾರುತ್ತದೆಂದು ಆಕೆ ಕಾಲು ಒರೆಸಿಕೊಂಡು ಕೂರುತ್ತಿದ್ದಳು. ಜೆಲ್ ಒಣಗುತ್ತಿತ್ತು, ಒರೆಸಲು ಏನೂ ಕಾಣುತ್ತಿರಲಿಲ್ಲ.

ಮುಂದಿನ ತಿಂಗಳು, ಆಕೆ ದಿನಾ ಎರೆಯುತ್ತಿದ್ದ ರೇವವ್ವನ ಇಪ್ಪತ್ತು ದಿನದ ಮೊಮ್ಮಗ ವಾಂತಿ ಮಾಡಿ, ಜೋರಾಗಿ ಉಸಿರಾಡುತ್ತ, ನವಲಗುಂದದ ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡ. ಶಿವಗಂಗವ್ವನ ಕೈಗುಣ ಕೆಟ್ಟಿದೆ ಎಂದರು ಜನ.

ಎಂಟು ದಿನದ ಮೇಲೆ ಮಹಾದೇವಕ್ಕ ದವಾಖಾನೆಗೆ ಬಂದಳು. "ನಮ್ಮ ಕೂಸೂ ಜೋರ ಉಸರ ಬಿಟ್ಟ ತೇಕಾಕ ಹತ್ತೇತ್ರಿ. ಎರದರ ಕಡಿಮಿ ಆದೀತಂತ ಶಿವಗಂಗವ್ವ ಎರ್ಯಾಕ ಕುಂತಾಳ."

ಮಡಿವಾಳೆಪ್ಪನವರು ಅವಳ ಹಿಂದೆಯೇ ಹೋದರು. ಬಚ್ಚಲಲ್ಲಿ ಶಿವಗಂಗವ್ವ ಕಾಲು ಚಾಚಿ ಕುಳಿತಿದ್ದಳು. ಬರಿಗಾಲುಗಳ ಮೇಲೆ ಕೂಸು ಬೋರಲು ಮಲಗಿತ್ತು. ಬಿಸಿನೀರು ಬಿದ್ದಲ್ಲೆಲ್ಲ ಒಣಗಿದ ಜೆಲ್ ಮತ್ತೆ ನೆನೆದು ಮಿರುಗುತ್ತಿತ್ತು. ಬಿಸಿ, ತೇವ, ಎಳೆಯ ಚರ್ಮ. ಔಷಧ ಕೂಸಿನ ಮೈಯೊಳಗಿಳಿದು ವಿಷವಾಗಲು ಇನ್ನೇನು ಬೇಕು? ಅವರು ಕೂಸನ್ನು ಕಸಿದುಕೊಂಡರು.

"ಕೈಗುಣ ಅಲ್ಲ, ನನ್ನ ಜೆಲ್," ಎಂದು ಎಲ್ಲರೆದುರು ಹೇಳಿದರು.

ಹುಬ್ಬಳ್ಳಿಗೆ ಒಯ್ದ ಆ ಕೂಸು ಬದುಕಿತು. ಮೊದಲ ಕೂಸು ಜೆಲ್ಲಿನಿಂದಲೇ ಸತ್ತಿತೆಂದು ಪರೀಕ್ಷಿಸಿ ಹೇಳಿದವರಿಲ್ಲ. ಅಲ್ಲವೆಂದು ಹೇಳಿದವರೂ ಇಲ್ಲ.

"ನೀ ಹೇಳಿದಿ, ನಾ ಹಚ್ಚಿಕೊಂಡೆ," ಎಂದಳು ಶಿವಗಂಗವ್ವ. "ಆದ್ರ ಕೂಸು ನನ್ನ ಕಾಲ ಮ್ಯಾಲ ಇತ್ತಲ್ಲೋ ತಮ್ಮಾ." ಆಕೆ ಮತ್ತೆಂದೂ ಯಾವ ಕೂಸಿಗೂ ಎರೆಯಲಿಲ್ಲ.

ಜೆಲ್ ಕಲಸಿದಾಗ ಒಳಗೆ ಸಿಕ್ಕ ಗುಳ್ಳೆಗಳು ಬಹಳ ನಿಧಾನವಾಗಿ ಮೇಲೇರುತ್ತವೆ. ಮಡಿವಾಳೆಪ್ಪನವರು ಕೊನೆಯ ಗುಳ್ಳೆ ಒಡೆಯುವವರೆಗೂ ಕೂತು ನೋಡುತ್ತಿದ್ದರು. ಅಂದಿನಿಂದ ಡಬ್ಬಿ ಕೊಡುವ ಮುನ್ನ ಎಲ್ಲರಿಗೂ ಒಂದೇ ಪ್ರಶ್ನೆ: "ಕೂಸಿಗೆ ಎರೀತೀರೇನ್ರಿ?"

"ನನಗಿನ್ನ ಲಗ್ನನ ಆಗಿಲ್ರಿ, ಕಾಕಾ!" ಎಂದು ಜೆಲ್ ಒಯ್ಯಲು ಬಂದ ಹುಡುಗ ಹೊಳೆಪ್ಪ ಒಮ್ಮೆ ನಕ್ಕ.

ಅವರು ನಗಲಿಲ್ಲ. ಇಲ್ಲ ಎಂಬ ಮಾತು ಅವನ ಬಾಯಿಂದ ಬರುವವರೆಗೆ ಡಬ್ಬಿಯ ಮುಚ್ಚಳದ ಮೇಲಿನ ಕೈ ತೆಗೆಯಲೂ ಇಲ್ಲ.