ಉಜ್ಜಬಾರದ ಮೊಣಕಾಲು

ಆ ಬೀದಿಯಲ್ಲಿ ಹಲ್ಲು ಮಾವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮೂವತ್ತೊಂದು ವರ್ಷದಿಂದ ಅವರು ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಕಟ್ಟುತ್ತಿದ್ದರು. ಮುಂದಿನ ಕೋಣೆಯಲ್ಲಿ ಡಾಕ್ಟರು ಬಾಯಿಯ ಅಚ್ಚು ತೆಗೆಯುವರು, ಹಿಂದಿನ ಕೋಣೆಯಲ್ಲಿ ಇವರು ಆ ಅಚ್ಚಿಗೆ ಗುಲಾಬಿ ವಸಡು ಎರೆದು, ಹಲ್ಲು ಕೂರಿಸಿ, ಅರದಿಂದ ಉಜ್ಜಿ ನಯ ಮಾಡುವರು. ಬೀದಿಯ ಅರ್ಧ ನಗು ತಮ್ಮ ಕೈಯಿಂದಲೇ ಬಂದದ್ದು ಎಂಬ ಜಂಬ ಅವರಿಗಿತ್ತು. ಯಾರ ಮನೆಗೆ ಊಟಕ್ಕೆ ಹೋದರೂ ಅವರು ಎಲೆಯನ್ನಲ್ಲ, ಅಗಿಯುವವರನ್ನು ನೋಡುತ್ತ ಕೂರುತ್ತಿದ್ದರು.

ಹೀಗಿರುವಾಗ ಡಾಕ್ಟರು ಹಲ್ಲು ಕೆತ್ತುವ ಯಂತ್ರವೊಂದನ್ನು ತರಿಸಿದರು. “ಇನ್ನು ನೀವು ವಾರಕ್ಕೆ ಮೂರು ದಿನ ಬಂದ್ರೆ ಸಾಕು,” ಎಂದರು. ಮಿಕ್ಕ ನಾಲ್ಕು ದಿನ ಮನೆಯವರ ತಲೆಗೆ ಬಂತು. ಹಲ್ಲು ಮಾವ ಕಿಟಕಿಯ ಚಿಲಕ ಉಜ್ಜಿದರು, ಹೆಂಡತಿಯ ಬಾಚಣಿಗೆ ಉಜ್ಜಿದರು. ಸಕ್ಕರೆ ಡಬ್ಬಿಯ ಮುಚ್ಚಳ ಬಿಗಿಯಾಗಿದೆ ಎಂದು ಅದನ್ನೂ ಉಜ್ಜಿ ಇರುವೆಗಳಿಗೆ ದಾರಿ ಮಾಡಿಕೊಟ್ಟರು. ಇಷ್ಟೆಲ್ಲ ಉಜ್ಜುವಾಗಲೂ ಒಳಗೆ ಒಂದೇ ಕೊರಗು: ನನ್ನ ಕೈ ಹಳೆಯದಾಯಿತೇ? ಕೇಳುವುದಾದರೂ ಯಾರನ್ನು? ಹೆಂಡತಿಯನ್ನು ಕೇಳಿದರೆ ಸಕ್ಕರೆ ಡಬ್ಬಿಯತ್ತ ಕೈ ತೋರಿಸುತ್ತಾಳೆ.

ಕೇಳಬಹುದಾದವರು ಒಬ್ಬರೇ, ಅಳಿಯಂದಿರು. ಅವರು ಪೈಪು ಕಾರ್ಖಾನೆಯಲ್ಲಿ ಸೋರಿಕೆ ಪರೀಕ್ಷಿಸುವ ಕೆಲಸದಲ್ಲಿದ್ದರು. ವಾರವೆಲ್ಲ ಪೈಪಿನಲ್ಲಿ ತಪ್ಪು ಹುಡುಕಿ, ಭಾನುವಾರ ರೋಬೋಗಳಲ್ಲಿ ಹುಡುಕುವರು. ಜಪಾನಿನ ಅನಿಮೆ ಕಾರ್ಟೂನುಗಳಲ್ಲಿ ಬರುವ ಕೊಂಬಿನ ತಲೆಯ ಯುದ್ಧದ ರೋಬೋಗಳು ಪ್ಲಾಸ್ಟಿಕ್ಕಿನ ಬಿಡಿಭಾಗಗಳಾಗಿ ಡಬ್ಬದಲ್ಲಿ ಸಿಗುತ್ತವಲ್ಲ, ಅವನ್ನು ಜೋಡಿಸುವುದು ಅವರ ಹುಚ್ಚು. ಬೇರೆಯವರು ಜೋಡಿಸಿ ತಂದದ್ದನ್ನು ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುವುದು ಇನ್ನೊಂದು ಹುಚ್ಚು. ಅಂಕದ ವಿಷಯದಲ್ಲಿ ಅವರಿಗೆ ದಾಕ್ಷಿಣ್ಯವೆಂಬುದೇ ಇಲ್ಲ. ಕಟ್ಟಿಕೊಂಡ ಹೆಂಡತಿ ಜೋಡಿಸಿದ ರೋಬೋಗೇ ಐದು ಹಾಕಿ ಎರಡು ದಿನ ಮಾತಿಲ್ಲದೆ ಕಳೆದವರು.

ಅಂಥವರು ಮಾವನ ಕೈಗೆಲಸವನ್ನು ಒಮ್ಮೆ ಹೊಗಳಿದ್ದರು. ನಾಲ್ಕು ವರ್ಷದ ಹಿಂದೆ, ಮದುವೆಗೆ ತಿಂಗಳಿರುವಾಗ, ಅಳಿಯಂದಿರು ಬೈಕಿನಿಂದ ಬಿದ್ದು ಬಲಗಡೆಯ ಎರಡು ದವಡೆ ಹಲ್ಲು ಕಳೆದುಕೊಂಡರು. ತೆಗೆದು ಹಾಕಲು ಬರುವ ಹಲ್ಲನ್ನು ಮಾವನೇ ಮಾಡಿಕೊಟ್ಟರು. ಹಾಕಿಕೊಂಡ ಅಳಿಯಂದಿರು “ತುಂಬಾ ಚೆನ್ನಾಗಿದೆ ಮಾವ” ಎಂದಿದ್ದರು. ಆ ಒಂದು ಮಾತನ್ನೇ ಹಲ್ಲು ಮಾವ ನಾಲ್ಕು ವರ್ಷದಿಂದ ಮೆಲುಕು ಹಾಕುತ್ತಿದ್ದರು.

ಒಂದು ದಿನ ಮಗಳು ರೋಬೋ ಡಬ್ಬವೊಂದನ್ನು ತಂದು ಮೇಜಿನ ಮೇಲಿಟ್ಟಳು. “ಅಪ್ಪ, ಇದನ್ನ ಜೋಡಿಸು. ಭಾನುವಾರ ನಮ್ಮನೆಯವರು ಬಂದು ಅಂಕ ಹಾಕ್ತಾರೆ. ಅಮ್ಮನ ಡಬ್ಬಿಗಳಾದ್ರೂ ಬದುಕಿಕೊಳ್ಳಲಿ.”

ಹಲ್ಲು ಮಾವನಿಗೆ ಬೇಕಾಗಿದ್ದೂ ಅದೇ. ಬಾಯಲ್ಲಿ ಮಾತ್ರ “ಮಕ್ಕಳಾಟ” ಎಂದು ಮೂಗು ಮುರಿದರು. ಮಗಳು ಬಾಗಿಲು ದಾಟಿದ್ದೇ ತಡ, ಭೂತಗನ್ನಡಿ ಏರಿಸಿಕೊಂಡು ಕೂತರು.

ಕತ್ತರಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಡಬ್ಬದಲ್ಲಿದ್ದ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿದ್ದ ಒಂದೊಂದು ಭಾಗವನ್ನೂ ಮಗುವಿನ ಉಗುರು ತೆಗೆದಷ್ಟು ಹುಷಾರಾಗಿ ಬಿಡಿಸಿದರು. ಆಮೇಲೆ ಶುರುವಾಯಿತು ಮೂವತ್ತೊಂದು ವರ್ಷದ ಚಾಳಿ. ಹೊಸ ಹಲ್ಲು ಎಲ್ಲಿ ಒತ್ತುತ್ತದೆ ಎಂದು ತಿಳಿಯಲು ಕಚ್ಚಿಸಿ ನೋಡುವ ಕೆಂಪು ಕಾಗದವೊಂದಿದೆ; ಒತ್ತಿದ ಕಡೆ ಬಣ್ಣ ಹತ್ತುತ್ತದೆ, ಹತ್ತಿದ ಕಡೆ ಉಜ್ಜಬೇಕು. ರೋಬೋದ ಮೊಣಕಾಲು, ಮೊಣಕೈ, ಸೊಂಟ, ಕುತ್ತಿಗೆ, ಎಲ್ಲ ಕೀಲಿಗೂ ಅವರು ಆ ಕಾಗದ ಇಟ್ಟು ಒತ್ತಿದರು. ಎಲ್ಲ ಕಡೆಯೂ ಬಣ್ಣ ಹತ್ತಿತು. ಎಲ್ಲವನ್ನೂ ಉಜ್ಜಿದರು. ಎರಡನೆಯ ದಿನದ ಸಂಜೆಗೆ ಕೀಲುಗಳು ಬೆರಳು ಸೋಕಿದರೆ ಸಾಕು ಆಡುವಂತಾದವು. ರೋಬೋವನ್ನು ಹತ್ತಿಯ ಮೇಲೆ ಮಲಗಿಸಿ ಮುಚ್ಚಿಟ್ಟರು. ಒಮ್ಮೆ ನಿಲ್ಲಿಸಿ ನೋಡಬೇಕು ಎಂದು ಅವರಿಗೆ ಹೊಳೆಯಲೇ ಇಲ್ಲ. ಹಲ್ಲಿನ ಸೆಟ್ಟನ್ನು ಯಾರಾದರೂ ನಿಲ್ಲಿಸಿ ನೋಡುತ್ತಾರೆಯೇ?

ಭಾನುವಾರ ಬೆಳಿಗ್ಗೆ ಅಳಿಯಂದಿರು ಮಗಳೊಂದಿಗೆ ಬಂದು, ಕೈ ತೊಳೆದು, ರೋಬೋವನ್ನು ಬೆಳಕಿಗೆ ಹಿಡಿದರು.

“ಮಾವ, ಕತ್ತರಿಸಿದ ಗುರುತೇ ಇಲ್ವಲ್ಲ!”

“ಹೂಂ,” ಎಂದರು ಹಲ್ಲು ಮಾವ, ಎದೆ ಉಬ್ಬಿದ್ದು ಕಾಣದಿರಲೆಂದು ಶಾಲು ಎಳೆದುಕೊಳ್ಳುತ್ತ.

“ಜೋಡಣೆ ಗೆರೆಯೂ ಕಾಣ್ತಿಲ್ಲ. ಇಂಥದ್ದು ನಾನು ನೋಡೇ ಇಲ್ಲ.”

ಹೀಗೆಂದು ಅಳಿಯಂದಿರು ರೋಬೋವನ್ನು ಮೇಜಿನ ಮೇಲೆ ನಿಲ್ಲಿಸಿದರು. ಅದು ಮೊಣಕಾಲು ಮಡಿಸಿ, ಬಸ್ಸಿಗೆ ಕಾದು ಸುಸ್ತಾದವರ ಹಾಗೆ ಕುಸಿದು ಕೂತಿತು. ಮತ್ತೆ ನಿಲ್ಲಿಸಿದರು. ಈ ಸಲ ತಲೆ ತಗ್ಗಿಸಿತು, ಕತ್ತಿ ಹಿಡಿದ ಕೈ ಕಳಚಿ ಕಾಫಿ ಲೋಟದೊಳಗೆ ಬಿತ್ತು.

“ಮಾವ, ಕೀಲು ಏನಾದ್ರೂ ಉಜ್ಜಿದ್ರಾ?”

“ಉಜ್ಜದೆ ಮತ್ತೆ? ಎಲ್ಲಾ ಬಿಗಿಯಾಗಿತ್ತು.”

“ಆ ಬಿಗಿ ಇದ್ರೇನೇ ಅದು ನಿಲ್ಲೋದು.”

“ಅಯ್ಯೋ, ನನ್ನ ಸಕ್ಕರೆ ಡಬ್ಬಿ ಕಥೇನೇ!” ಎಂದು ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

ಅಳಿಯಂದಿರು ಲೋಟದಿಂದ ರೋಬೋದ ಕೈ ತೆಗೆದು ಒರೆಸುತ್ತ, “ನಾಲ್ಕು ಮಾವ. ನಿಲ್ಲದ ರೋಬೋಗೆ ಅದಕ್ಕಿಂತ ಜಾಸ್ತಿ ಬರಲ್ಲ,” ಎಂದರು. ಹಲ್ಲು ಮಾವನಿಗೆ ನಿಜವಾಗಿಯೂ ನೋವಾಯಿತು. ಯಂತ್ರ ಗೆದ್ದಿತು ಎಂದುಕೊಂಡರು. ಆದರೂ ಸುಮ್ಮನಿರುವ ಜೀವವಲ್ಲ. ರೋಬೋವನ್ನು ಬಾಚಿಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ವಸಡು ಎರೆಯುವ ದ್ರವದ ಘಾಟು ಮನೆಯೆಲ್ಲ ತುಂಬಿತು.

ಮುಕ್ಕಾಲು ಗಂಟೆಯ ಮೇಲೆ ರೋಬೋ ಹೊರಗೆ ಬಂತು. ಮೇಜಿನ ಮೇಲೆ ಒಂಟಿ ಕಾಲಿನಲ್ಲಿ, ಕತ್ತಿ ಎತ್ತಿ, ಅಲುಗದೆ ನಿಂತಿತು. ಕೀಲಿನ ಸಂದಿಗಳಲ್ಲೆಲ್ಲ ಗುಲಾಬಿ ವಸಡು ಇಣುಕುತ್ತಿತ್ತು.

ಅಳಿಯಂದಿರು ಮೇಜು ಅಲ್ಲಾಡಿಸಿ ನೋಡಿದರು. ರೋಬೋ ಜಪ್ಪಯ್ಯ ಅನ್ನಲಿಲ್ಲ. “ನಿಂತಿದ್ದಕ್ಕೆ ಪೂರ್ತಿ ಅಂಕ. ಆದ್ರೆ ಯುದ್ಧಕ್ಕೆ ಹೊರಟವನ ಮೊಣಕಾಲಲ್ಲಿ ವಸಡು ಕಾಣಬಾರ್ದು ಮಾವ. ಒಟ್ಟು ಏಳು.”

“ಏಳಾ?” ಹಲ್ಲು ಮಾವನ ಪಿತ್ತ ನೆತ್ತಿಗೇರಿತು. “ಇದೇ ಕೈಯಲ್ಲಿ ಮಾಡಿದ ಹಲ್ಲಿಗೆ ತುಂಬಾ ಚೆನ್ನಾಗಿದೆ ಅಂದವರು ನೀವೇ ತಾನೆ!”

ಮಗಳು ತಲೆ ತಗ್ಗಿಸಿದಳು. ಅಳಿಯಂದಿರ ಕೈ ಮೆಲ್ಲಗೆ ಅಂಗಿ ಜೇಬಿಗೆ ಹೋಯಿತು. ಅಲ್ಲಿಂದ ಮಡಿಸಿದ ಕರವಸ್ತ್ರ ಬಂತು, ಕರವಸ್ತ್ರದೊಳಗಿಂದ ಆ ಎರಡು ಹಲ್ಲು ಬಂದವು.

“ಮಾವ, ಅದೊಂದೇ ನಾನು ಹೇಳಿದ ಸುಳ್ಳು. ಒತ್ತುತ್ತೆ. ಊಟಕ್ಕೆ ಕೂರೋ ಮುಂಚೆ ತೆಗೆದು ಜೇಬಿಗೆ ಹಾಕ್ಕೊತೀನಿ. ನಾಲ್ಕು ವರ್ಷದಿಂದ ಎಡಗಡೆಯಲ್ಲೇ ಅಗಿತಾ ಇದೀನಿ.”

“ಅವತ್ತೇ ಹೇಳೋದಲ್ವಾ?”

“ಮದುವೆಗೆ ತಿಂಗಳಿತ್ತು. ಎರಡು ಅಂಕ ಹಾಕಿದ್ರೆ ನೀವು ಹೆಣ್ಣು ಕೊಡ್ತಿದ್ರಾ?”

ಹಲ್ಲು ಮಾವನ ಮುಖ ಸಪ್ಪಗಾಯಿತು. ಊರವರೆಲ್ಲ ಅಗಿಯುವುದನ್ನು ಕಣ್ಣಿಟ್ಟು ನೋಡುತ್ತಿದ್ದ ತಾವು ಮನೆಯ ಅಳಿಯನ ಜೇಬನ್ನು ನೋಡಿರಲಿಲ್ಲ. ಕಣ್ಣು ತುಂಬಿ ಬಂತು. ಆದರೆ ಹಲ್ಲು ಕೈಗೆ ಬಂದ ಮೇಲೆ ಅಳುತ್ತ ಕೂರುವುದು ಅವರಿಗೆ ಗೊತ್ತಿರಲಿಲ್ಲ. ಕೆಂಪು ಕಾಗದ ತಂದರು.

“ಹಾಕ್ಕೊಳ್ಳಿ. ಕಚ್ಚಿ. ಜೋರಾಗಿ.”

ಹಿಂದಿನ ಹಲ್ಲಿನ ಮೂಲೆಯಲ್ಲಿ ಸಾಸಿವೆಯಷ್ಟು ಕೆಂಪು ಹತ್ತಿತ್ತು. ಉಜ್ಜಬಾರದ ಮೊಣಕಾಲನ್ನೆಲ್ಲ ಉಜ್ಜಿದ ಕೈ ಉಜ್ಜಬೇಕಾದ ಈ ಒಂದು ಚುಕ್ಕೆಯನ್ನು ಬಿಟ್ಟಿತ್ತು. ಹಲ್ಲು ಮಾವ ಅರದಿಂದ ಮೂರೇ ಸಲ ಎಳೆದು, ತೊಳೆದು ಕೊಟ್ಟರು. ಹೆಂಡತಿ ಹುರಿದ ಕಡಲೆಬೀಜದ ತಟ್ಟೆ ತಂದಿಟ್ಟಳು.

ಅಳಿಯಂದಿರು ಒಂದು ಬೀಜವನ್ನು ಬಲಗಡೆಗೆ ಹಾಕಿ ಹೆದರುತ್ತ ಕಡಿದರು. ಇನ್ನೊಂದು ಕಡಿದರು. ಆಮೇಲೆ ಹಿಡಿ ಹಿಡಿಯಾಗಿ ಬಾಯಿಗೆ ಹಾಕತೊಡಗಿದರು. ತಟ್ಟೆ ಖಾಲಿಯಾಯಿತು.

“ಎಷ್ಟು?” ಎಂದರು ಹಲ್ಲು ಮಾವ.

“ಎಂಟು.”

“ಇನ್ನೆರಡು ಯಾಕೆ ಹೋಯ್ತು?”

“ನಾಲ್ಕು ವರ್ಷ ತಡ ಆಯ್ತಲ್ಲ ಮಾವ.”

ಹಲ್ಲು ಮಾವ ಜೋರಾಗಿ ನಕ್ಕರು. ಹಳೆಯ ಆ ಹೊಗಳಿಕೆಗಿಂತ ಈ ಎಂಟು ಅವರಿಗೆ ಹಿತವಾಗಿತ್ತು.

ಸೋಮವಾರ ಅವರು ರೋಬೋವನ್ನು ಕ್ಲಿನಿಕ್ಕಿಗೆ ಒಯ್ದು ತಮ್ಮ ಕೆಲಸದ ಮೇಜಿನ ಮೇಲೆ ನಿಲ್ಲಿಸಿದರು. ಹನ್ನೊಂದಕ್ಕೆ ನಿವೃತ್ತ ಟೀಚರಮ್ಮ ಡಾಕ್ಟರನ್ನು ನೋಡಲು ಬಂದರು; ಒಂಬತ್ತು ವರ್ಷದ ಹಿಂದೆ ಹಲ್ಲು ಮಾವನಿಂದ ಮೇಲಿನ ಸೆಟ್ಟು ಕಟ್ಟಿಸಿಕೊಂಡಿದ್ದವರು. ಹಲ್ಲು ಮಾವ ಬಾಗಿಲಿಗೇ ಹೋಗಿ ತಡೆದರು.

“ಟೀಚರೇ, ನನ್ನ ಸೆಟ್ಟಿಗೆ ಹತ್ತಕ್ಕೆ ಎಷ್ಟು ಹಾಕ್ತೀರಿ? ಚೆನ್ನಾಗಿದೆ ಅನ್ನಬಾರ್ದು, ಅಂಕ ಹೇಳಿ.”

ಟೀಚರಮ್ಮ ಅತ್ತಿತ್ತ ನೋಡಿ, ಕೈಚೀಲದೊಳಗಿಂದ ಪುಟ್ಟ ಡಬ್ಬಿಯೊಂದನ್ನು ತೆಗೆದು ಅವರ ಕೈಗಿಟ್ಟರು. ಸೆಟ್ಟು ಅದರೊಳಗಿತ್ತು.

“ಬೇಜಾರು ಮಾಡ್ಕೋಬೇಡಿ,” ಎಂದರು. “ಮೂರು.”

“ಒಳಗೆ ಬನ್ನಿ, ಬನ್ನಿ,” ಎಂದು ಹಲ್ಲು ಮಾವ ಖುಷಿಯಿಂದ ಕುರ್ಚಿ ಎಳೆದು ಹಾಕಿ, ಕಚ್ಚಿಸಿ ನೋಡಲು ಕೆಂಪು ಕಾಗದದ ತುಂಡೊಂದನ್ನು ಹರಿದುಕೊಂಡರು.